ಎರಡು ಹೆಸರಿನ ಷೇರು ಪತ್ರ

ಬೆಳಗಿನಿಂದ ಎರಡು ಕಡೆ ತುರಿಸುತ್ತಿತ್ತು. ಒಂದು ಎಡ ಕಂಕುಳಿನ ಕೆಳಗೆ, ಮ್ಯಾಬರ್ಲಿ ಅಂಗಡಿಯ ಉಣ್ಣೆ ಬನಿಯನ್ನು ಒಗೆದಾಗಲೆಲ್ಲ ಒಂದಿಷ್ಟು ಕುಗ್ಗಿ ಈಗ ಬೇರೆ ಯಾರದೋ ಅಳತೆಗೆ ಬಂದು ನಿಂತಿದ್ದ ಜಾಗದಲ್ಲಿ. ಇನ್ನೊಂದು ಎಲ್ಲಿ ಎಂದು ಆಂಬ್ರೋಸ್ ಟಿಲ್ಲಟ್ಸನ್‌ಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಕೈ ಹೋಗದ ಯಾವುದೋ ಒಳಮೂಲೆಯಲ್ಲಿ. ಎದ್ದವನೇ ಮಂಚದ ಪಕ್ಕ ಮೊಣಕಾಲೂರಿ, ನನ್ನ ಮನಸ್ಸನ್ನು ಸ್ವಚ್ಛ ಮಾಡು ಎಂದು ಬೇಡಲು ಕಣ್ಣು ಮುಚ್ಚಿದ್ದ. ಮುಚ್ಚಿದ ಕಣ್ಣಿನೊಳಗೆ ಬರುವ ಬುಧವಾರದ ಎಂಟೂ ಹತ್ತರ ಲಂಡನ್ ರೈಲು ಬಂದು ನಿಂತಿತು. ಎದುರು ಸೀಟಿನಲ್ಲಿ ಮಿಸೆಸ್ ವಿನಿಫ್ರೆಡ್ ಸ್ಕೆರಿಟ್ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಅವನು ಗಾಬರಿಯಿಂದ ಕಣ್ಣು ತೆರೆದ. ದೇವರು ನೋಡಿರಲಿಕ್ಕಿಲ್ಲ ಎಂದು ಅಂದುಕೊಳ್ಳುವಷ್ಟು ದಡ್ಡನಲ್ಲ ಅವನು. ಮೂವತ್ತೊಂದು ವರ್ಷ ಗ್ಯಾಸ್ ಕಂಪನಿಗೆ ಮೀಟರ್ ಓದಿದವನು, ಊರಿನ ಎಲ್ಲ ಮನೆಗಳ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕೂತು ಮೇಲಿನವರು ಆಡುವುದನ್ನೆಲ್ಲ ಕೇಳಿಸಿಕೊಂಡವನು. ಕಾಣದ ಜಾಗದಲ್ಲಿ ಕೂತವನಿಗೆ ಎಷ್ಟು ಕೇಳಿಸುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಧ್ಯಾಹ್ನ ಎರಡಕ್ಕೆ ಕೋಟಿನ ಮೇಲೆ ಕೋಟು ಹಾಕಿಕೊಂಡು ಚಾಪೆಲ್ಲಿನ ಸಭಾಂಗಣದ ಕಡೆ ಹೊರಟ. ಎಪ್ಪತ್ತನಾಲ್ಕರ ಫೆಬ್ರವರಿ, ಕಲ್ಲಿದ್ದಲು ಗಣಿಯವರು ಕೆಳಗೆ ಇಳಿಯುವುದನ್ನು ನಿಲ್ಲಿಸಿದ್ದರು, ಸರ್ಕಾರ ಕಾರ್ಖಾನೆಗಳಿಗೂ ಅಂಗಡಿಗಳಿಗೂ ವಾರಕ್ಕೆ ಮೂರೇ ದಿನದ ಕರೆಂಟು ಕೊಟ್ಟಿತ್ತು. ಕೊವೆಂಟ್ರಿಯ ಬೀದಿಯಲ್ಲಿ ಮಟನ್ ಅಂಗಡಿಯವನು ಲಾಟೀನು ಹಿಡಿದು ಗಿರಾಕಿಗೆ ಮೂತ್ರಪಿಂಡಗಳನ್ನು ತೋರಿಸುತ್ತಿದ್ದ, ಒಡವೆ ತೋರಿಸುವವನ ಹಾಗೆ. ಬಾಲ್ಯದಲ್ಲಿ ಅಮ್ಮ ಹಿಟ್ಟು ನಾದುತ್ತ ಹೇಳಿಕೊಟ್ಟ ಸ್ತುತಿಪದಗಳನ್ನು ಹೆಜ್ಜೆಗೊಂದು ಮಾತಿನಂತೆ ಹೇಳುತ್ತ ನಡೆಯುವುದು ಅವನ ಅಭ್ಯಾಸ. ಇವತ್ತು ಪದಗಳು ಬಾಯಿಗೆ ಬರಲಿಲ್ಲ. ಎಡಗಾಲು ಊರಿದಾಗ ಮ್ಯಾಬರ್ಲಿ ಎಂದಿತು, ಬಲಗಾಲು ಊರಿದಾಗ ಕಿನ್ವರ್ ಎಂದಿತು. ಮ್ಯಾಬರ್ಲಿ, ಕಿನ್ವರ್, ಮ್ಯಾಬರ್ಲಿ, ಕಿನ್ವರ್. ಬೇಕೆಂದೇ ಒಂದು ಕಡೆ ಎರಡು ಸಲ ಎಡಗಾಲಿನಲ್ಲೇ ಕುಪ್ಪಳಿಸಿದ. ಎದುರಿಗೆ ಬಂದ ಹೆಂಗಸು ದಾರಿ ಬಿಟ್ಟು ನಿಂತಳು. "ಕ್ಷಮಿಸಿ," ಎಂದ. ಅವಳೂ "ಕ್ಷಮಿಸಿ" ಎಂದಳು.

ಸಂಘದಲ್ಲಿ ಇದ್ದವರು ಐವರು. ತಿಂಗಳಿಗೊಮ್ಮೆ ಸೇರಿ ಆಳಿಗೊಂದು ಪೌಂಡ್ ಹಾಕಿ ಷೇರು ಕೊಳ್ಳುವ ಸಂಘ. ಜೂಜು ಮಹಾಪಾಪವೆಂದು ನಂಬಿದ ಜನ ಆದ್ದರಿಂದ ಪ್ರತಿ ಸಭೆಯನ್ನೂ ಪ್ರಾರ್ಥನೆಯಿಂದ ಆರಂಭಿಸುತ್ತಿದ್ದರು. ಸಂಘದ ಹೆಸರಿನಲ್ಲಿ ಷೇರು ಕೊಳ್ಳಲು ಕಾನೂನು ಬಿಡುವುದಿಲ್ಲವಾಗಿ ಒಂದು ಪದ್ಧತಿ ಮಾಡಿಕೊಂಡಿದ್ದರು: ಯಾವ ಷೇರನ್ನು ಯಾರು ಸೂಚಿಸಿ ಯಾರು ಅನುಮೋದಿಸುತ್ತಾರೋ ಅವರಿಬ್ಬರ ಹೆಸರಿನಲ್ಲಿ ಅದರ ಪತ್ರ. ಆರು ವರ್ಷದ ಹಿಂದೆ ಮಿಸೆಸ್ ಸ್ಕೆರಿಟ್ ಮ್ಯಾಬರ್ಲಿ ಅಂಗಡಿಯ ಷೇರನ್ನು ಸೂಚಿಸಿದ್ದಳು. ಯಾರು ಅನುಮೋದಿಸುತ್ತೀರಿ ಎಂದು ಕೇಳಿದ ಗಳಿಗೆಯಲ್ಲೇ ಆಂಬ್ರೋಸ್, ಕಿಟಕಿಯ ಸಂದಿನಿಂದ ಗಾಳಿ ಬರುತ್ತಿದೆಯೇ ಎಂದು ನೋಡಲು ಕೈ ಎತ್ತಿದ್ದ. "ಮಿಸ್ಟರ್ ಟಿಲ್ಲಟ್ಸನ್," ಎಂದು ಪುಸ್ತಕದಲ್ಲಿ ಬರೆದೇಬಿಟ್ಟರು. ಇಲ್ಲ, ನಾನು ಗಾಳಿ ನೋಡುತ್ತಿದ್ದೆ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಬರೆದವರಿಗೆ ಶಾಯಿ ಹೊಡೆದುಹಾಕುವ ತೊಂದರೆ. ಅಷ್ಟು ತೊಂದರೆ ಕೊಡುವ ಬದಲು ಒಂದು ಅಂಗಡಿಯ ಪಾಲುದಾರನಾಗುವುದೇ ಸಭ್ಯತೆ ಎನಿಸಿತ್ತು. ಮೂರು ವಾರದ ಮೇಲೆ ಪತ್ರ ಬಂತು. ದಪ್ಪ ಕಾಗದ, ಹಸಿರು ಬಳ್ಳಿಯ ಅಂಚು, ನಡುವೆ ಉರುಟು ಅಕ್ಷರದಲ್ಲಿ: ಶ್ರೀ ಎ. ಟಿಲ್ಲಟ್ಸನ್ ಮತ್ತು ಶ್ರೀಮತಿ ಡಬ್ಲ್ಯೂ. ಸ್ಕೆರಿಟ್. ಅರವತ್ತೊಂದು ವರ್ಷ ಒಂಟಿಯಾಗಿ ಬದುಕಿದ ಗಂಡಸಿನ ಹೆಸರಿನ ಮುಂದೆ 'ಮತ್ತು' ಎಂಬ ಮಾತನ್ನು ಅಲ್ಲಿಯವರೆಗೆ ಯಾರೂ ಅಚ್ಚು ಹಾಕಿರಲಿಲ್ಲ.

ಅವನ ಪಾಪವೆಲ್ಲ ಆ 'ಮತ್ತು'ವಿನಲ್ಲೇ ಇತ್ತು. ಎರಡು ಹೆಸರು ಇದ್ದುದರಿಂದ ಪ್ರತಿ ವರ್ಷ ಫೆಬ್ರವರಿಯಲ್ಲಿ ಕಂಪನಿಯ ವಾರ್ಷಿಕ ಸಭೆಗೆ ಇಬ್ಬರಿಗೂ ಕರೆ ಬರುತ್ತಿತ್ತು. ಇಬ್ಬರೂ ರೈಲಿನಲ್ಲಿ ಲಂಡನ್ನಿಗೆ ಹೋಗುತ್ತಿದ್ದರು. ವಿಧವೆ ಮಿಸೆಸ್ ಸ್ಕೆರಿಟ್ ಇಪ್ಪತ್ತೆರಡು ವರ್ಷ ಆ ಅಂಗಡಿಯ ಕೈಗವುಸಿನ ಕೌಂಟರಿನ ಹಿಂದೆ ನಿಂತವಳು. ಮೇನೇಜರು ಅವಳನ್ನು ಬರೀ "ಸ್ಕೆರಿಟ್" ಎಂದು, ನಾಯಿಯನ್ನು ಕರೆಯುವ ಹಾಗೆ ಕರೆಯುತ್ತಿದ್ದನಂತೆ. ಈಗ ವರ್ಷಕ್ಕೊಂದು ದಿನ, ಹೋಟೆಲಿನ ದೊಡ್ಡ ಕೋಣೆಯಲ್ಲಿ, ಮುಂದಿನ ಸಾಲಿನಿಂದ ಆಕೆ ಎದ್ದು ನಿಂತು, ಕೈಗವುಸಿನ ಹೆಬ್ಬೆರಳಿನ ಹೊಲಿಗೆ ಯಾಕೆ ಬಿಚ್ಚಿಕೊಳ್ಳುತ್ತಿದೆ ಎಂದು ಕೇಳಿದರೆ ವೇದಿಕೆಯ ಮೇಲಿನ ಅಧ್ಯಕ್ಷರೇ ಎದ್ದು "ಮೇಡಂ" ಎಂದು ಉತ್ತರ ಕೊಡಬೇಕು. ಆಕೆ ಕೇಳುವಷ್ಟು ಹೊತ್ತೂ ಆಂಬ್ರೋಸ್ ಪಕ್ಕದಲ್ಲಿ ಆಕೆಯ ಕೈಚೀಲ ಹಿಡಿದು ಕೂತಿರುತ್ತಿದ್ದ. ಅಷ್ಟೇ. ಕೈಚೀಲದೊಳಗೆ ಪುದೀನ ಮಿಠಾಯಿಯ ವಾಸನೆ ಇರುತ್ತಿತ್ತು. ಆಮೇಲೆ ಕಂಪನಿಯವರು ತಣ್ಣನೆಯ ನಾಲಿಗೆ ಮಾಂಸದ ಸ್ಯಾಂಡ್‌ವಿಚ್ ಕೊಡುತ್ತಿದ್ದರು. ಮರಳುವಾಗ ಆಕೆ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವನು ಬದುಕುತ್ತಿದ್ದುದು ಆ ನಿದ್ದೆ ಕೆಡದಂತೆ ಪತ್ರಿಕೆಯ ಹಾಳೆ ತಿರುಗಿಸುವುದಕ್ಕಾಗಿ.

ಬರುವ ಬುಧವಾರ ಮತ್ತೆ ಆ ಸಭೆ. ಇವತ್ತು ಗುರುವಾರ. ಮ್ಯಾಬರ್ಲಿ ಮಾರಿ ಆ ಹಣದಲ್ಲಿ ಕಿನ್ವರ್ ಕಾರು ಕಂಪನಿಯ ಷೇರು ಕೊಳ್ಳಬೇಕೇ ಬೇಡವೇ ಎಂದು ಸಂಘ ಇವತ್ತು ತೀರ್ಮಾನಿಸಬೇಕು. ಮ್ಯಾಬರ್ಲಿಯನ್ನು ಇವತ್ತು ಮಾರಿ ಕಾಗದವನ್ನು ಸಂಜೆಯ ಅಂಚೆಗೆ ಹಾಕಿದರೆ ಬುಧವಾರದೊಳಗೆ ಕಂಪನಿಯ ಪುಸ್ತಕದಿಂದ ಎರಡೂ ಹೆಸರು ಹೋಗುತ್ತವೆ.

ಸಭಾಂಗಣದಲ್ಲಿ ನಾಲ್ವರೂ ಆಗಲೇ ಬಂದು ಟೋಪಿ ತೆಗೆಯದೆ ಕೂತಿದ್ದರು. ಮೇಜಿನ ಮೇಲೆ ಎರಡು ಮೇಣದಬತ್ತಿ, ಟೀ ಪಾತ್ರೆ, ತಟ್ಟೆಯಲ್ಲಿ ಒಂದೇ ಒಂದು ಬಿಸ್ಕತ್ತು. ಕೊನೆಯ ಬಿಸ್ಕತ್ತಾದ್ದರಿಂದ ಅದನ್ನು ಯಾರೂ ತೆಗೆದುಕೊಳ್ಳುವ ಹಾಗಿರಲಿಲ್ಲ. ಸರದಿಯ ಪ್ರಕಾರ ಈ ತಿಂಗಳ ಅಧ್ಯಕ್ಷ ಆಂಬ್ರೋಸನೇ. ಅವನು ಪ್ರಾರ್ಥನೆ ಹೇಳಿ ಮುಗಿಸುವ ಮೊದಲೇ ಕತ್‌ಬರ್ಟ್ ಗಾರ್ಸೈಡ್ "ಆಮೆನ್" ಎಂದು ಮೇಜು ಗುದ್ದಿದ. ಕಿನ್ವರ್ ಮೋಟಾರ್ಸಿನಲ್ಲಿ ಬಾಗಿಲು ಜೋಡಿಸುವ ವಿಭಾಗದ ಮೇಸ್ತ್ರಿ. ವಾರಕ್ಕೆ ಮೂರು ದಿನ ಮಾತ್ರ ಕೂಗಾಡಲು ಜಾಗವಿದ್ದುದರಿಂದ ಉಳಿದ ನಾಲ್ಕು ದಿನದ ಕೂಗು ಗಂಟಲಲ್ಲೇ ಉಳಿದಿತ್ತು.

"ಒಂಬತ್ತು ಪೆನ್ನಿ ಕಣ್ರೀ! ಕಿನ್ವರ್ ಷೇರು ಒಂಬತ್ತು ಪೆನ್ನಿ! ಒಂದು ಪೈಂಟ್ ಬಿಯರಿಗಿಂತ ಅಗ್ಗ."

ಪಿಯಾನೋ ಹೇಳಿಕೊಡುವ ಮಿಸ್ ಡಿಲಿಸ್ ಪ್ಯೂ ಕೆಮ್ಮಿದಳು.

"ಟೀಗಿಂತ ಅಂದೆ," ಎಂದ ಗಾರ್ಸೈಡ್.

"ಟೀ ಅಷ್ಟು ತುಟ್ಟಿ ಅಲ್ಲ ಬಿಡಿ," ಎಂದ ಲೆನರ್ಡ್ ಬ್ಯಾಸ್ನೆಟ್, ಶವಸಂಸ್ಕಾರದ ಅಂಗಡಿಯವನು, ಯಾವ ಮಾತನ್ನೂ ಮೆಲ್ಲಗೆ ಇಳಿಸಿ ಇಡುವವನು. "ಬಿಯರಾದರೆ ಕುಡಿದ ಮೇಲೆ ಏನೋ ಒಂದು ಆಗುತ್ತೆ. ನಿಮ್ಮ ಷೇರು ತೊಗೊಂಡರೆ ಅದೂ ಇಲ್ಲ."

"ನಿನ್ನ ಮ್ಯಾಬರ್ಲಿ ಏನು ಕುಣೀತಿದೆಯೋ? ಮೂರು ವರ್ಷದ ಹಿಂದೆ ನೂರ ನಲವತ್ತು, ಈಗ ಮೂವತ್ತೊಂದು. ಬರೀ ಬನಿಯನ್ನು ಮಾರ್ಕೊಂಡು!"

ಬನಿಯನ್ನು ಎಂದ ಕೂಡಲೆ ಆಂಬ್ರೋಸನ ಕಂಕುಳು ಚುಚ್ಚಿತು. ತಾನೇ ಸಾಕ್ಷಿಯನ್ನು ಒಳಗೆ ಹಾಕಿಕೊಂಡು ಬಂದಿದ್ದೇನೆ ಎನಿಸಿತು. ನ್ಯಾಯವಾಗಿ ನೋಡಿದರೆ ಎದ್ದು ನಿಂತು, ಅಂಗಿ ಬಿಚ್ಚಿ, ಮಾನ್ಯರೇ, ಈ ಕಂಪನಿಯ ಭವಿಷ್ಯ ಇಷ್ಟೇ ಗಿಡ್ಡ ಎಂದು ತೋರಿಸಬೇಕು.

"ಕೈಗವುಸು ಚೆನ್ನಾಗಿರುತ್ತೆ," ಎಂದ ಬ್ಯಾಸ್ನೆಟ್. "ನಮ್ಮಲ್ಲಿ ಶವದ ಪೆಟ್ಟಿಗೆ ಹೊರೋ ಹುಡುಗರಿಗೆಲ್ಲ ಕಪ್ಪು ಕೈಗವುಸು ಅಲ್ಲೇ ತರೋದು. ಇವತ್ತಿನವರೆಗೂ ಒಬ್ಬರೂ ಬಂದು ದೂರು ಹೇಳಿಲ್ಲ."

"ಯಾರು ಹೇಳ್ತಾರೆ ಮಾರಾಯ, ಪೆಟ್ಟಿಗೆ ಒಳಗಿರೋರು?"

"ನನ್ನ ಕಿನ್ವರ್ ಫಿಂಚ್ ಕಾರು ಚೆನ್ನಾಗೇ ಓಡುತ್ತೆ," ಎಂದಳು ಮಿಸ್ ಪ್ಯೂ, ಗಾರ್ಸೈಡ್‌ನ ಬೆಂಬಲಕ್ಕೆ. "ಡ್ರೈವರ್ ಕಡೆ ಬಾಗಿಲು ತೆಗೆಯೋಕೆ ಆಗಲ್ಲ, ಅಷ್ಟೇ. ಆಚೆ ಕಡೆಯಿಂದ ಹತ್ತಿ, ಗೇರಿನ ಮೇಲಿಂದ ದಾಟಿ ಬರ್ತೀನಿ. ಅಭ್ಯಾಸ ಆಗಿಹೋಗಿದೆ."

ಗಾರ್ಸೈಡ್ ಒಂದು ಕ್ಷಣ ಬತ್ತಿಯನ್ನೇ ನೋಡಿದ. "ಮಳೆ ಬಂದರೆ?" ಎಂದು ಮೆಲ್ಲಗೆ ಕೇಳಿದ.

"ಬರುತ್ತೆ," ಎಂದಳು ಮಿಸ್ ಪ್ಯೂ, "ಒಳಗೆ."

ಮಿಸೆಸ್ ಸ್ಕೆರಿಟ್ ಕೈಗವುಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ನೇರ ಮಾಡುತ್ತಿದ್ದಳು, ಕೌಂಟರಿನ ಮೇಲೆ ಗಿರಾಕಿಗೆ ಹರಡಿ ತೋರಿಸುವ ಹಾಗೆ. ಆಕೆಯ ಮೌನ ಆಂಬ್ರೋಸನಿಗೆ ಚೆನ್ನಾಗಿ ಓದಲು ಬರುತ್ತಿತ್ತು. ಅದರಲ್ಲಿ ಬುಧವಾರದ ಪ್ರಶ್ನೆ ಸಿದ್ಧವಾಗುತ್ತಿತ್ತು. ಹೋದ ವರ್ಷ ರೈಲಿನಲ್ಲಿ ಆಕೆ ಕೇಳಿದ್ದಳು: "ಮಿಸ್ಟರ್ ಟಿಲ್ಲಟ್ಸನ್, ನಿಮಗೆ ಕಿಟಕಿ ಪಕ್ಕ ಬೇಕಾ, ಬಾಗಿಲ ಪಕ್ಕ ಬೇಕಾ?" "ನನಗೆ ಯಾವುದಾದರೂ ಸರಿ," ಎಂದಿದ್ದ. "ಸ್ಯಾಂಡ್‌ವಿಚ್ಚಿಗೆ ಸಾಸಿವೆ?" "ಯಾವುದಾದರೂ ಸರಿ." ಆಕೆ ಸ್ವಲ್ಪ ಹೊತ್ತು ನೋಡಿ, "ನಿಮಗೆ ಈ ಲೋಕದಲ್ಲಿ ಏನಾದರೂ ಒಂದು ಬೇಕೂಂತ ಇದೆಯಾ?" ಎಂದಿದ್ದಳು. ಆಗ ಸುರಂಗ ಬಂತು. ಸುರಂಗದ ಕತ್ತಲಲ್ಲಿ ಅವನು ಗಟ್ಟಿಯಾಗಿ ಇದೆ ಎಂದಿದ್ದ. ರೈಲಿನ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಬೆಳಕು ಬಂದಾಗ ಆಕೆ ಸಾಸಿವೆ ಹಚ್ಚಿ ಮುಗಿಸಿದ್ದಳು. ಅವನಿಗೆ ಸಾಸಿವೆ ಆಗುವುದಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ತಿಂದಿದ್ದ.

"ಓಟು ಹಾಕಿಬಿಡೋಣ," ಎಂದ ಗಾರ್ಸೈಡ್. "ನಾಲ್ಕೂವರೆಗೆ ಅಂಚೆ ಡಬ್ಬಿ ತೆಗೀತಾರೆ."

ಒಂದು ತಿಂಗಳಿಂದ ಜಗಳವಾಡಿದವರು ಎದುರೆದುರು ಕೈ ಎತ್ತುವುದು ಒರಟಾಗುತ್ತದೆಂದು ಮಿಸ್ ಪ್ಯೂ ಚೀಟಿ ಹಂಚಿದಳು. ನಾಲ್ವರೂ ಅಂಗೈ ಅಡ್ಡ ಇಟ್ಟುಕೊಂಡು ಬರೆದರು. ಬರೆದಾದ ಮೇಲೆ ಎಲ್ಲರ ಮುಖದಲ್ಲೂ ದೇಣಿಗೆ ಪೆಟ್ಟಿಗೆಗೆ ನಾಣ್ಯದ ಬದಲು ನೋಟು ಹಾಕಿದವರ ಒಂದು ಬಗೆಯ ಮೃದುತ್ವ ಬಂತು. ಮಿಸ್ ಪ್ಯೂ ಅದೇ ಗುಂಗಿನಲ್ಲಿ ಬಿಸ್ಕತ್ತನ್ನು ಎರಡು ಹೋಳು ಮಾಡಿ ಒಂದನ್ನು ತಿಂದಳು. ಈಗ ಅರ್ಧವೇ ಕೊನೆಯದಾಯಿತು.

ಆಂಬ್ರೋಸ್ ಚೀಟಿಗಳನ್ನು ಬತ್ತಿಯ ಹತ್ತಿರ ಹಿಡಿದ. ಹೆಸರಿಲ್ಲದಿದ್ದರೇನು, ಅಕ್ಷರ ಸುಳ್ಳು ಹೇಳುವುದಿಲ್ಲ. ಮರದ ಪೆಟ್ಟಿಗೆಯ ಮೇಲೆ ಬರೆಯುವಂಥ ದಪ್ಪ ಅಕ್ಷರದಲ್ಲಿ ಗಾರ್ಸೈಡ್ ಬರೆದಿದ್ದ: ಮ್ಯಾಬರ್ಲಿ. ಆಂಬ್ರೋಸ್ ಕನ್ನಡಕ ಒರೆಸಿಕೊಂಡ. ಸ್ವರಲಿಪಿಯಂತೆ ಬಾಗಿದ ಅಕ್ಷರ ಮಿಸ್ ಪ್ಯೂವಿನದು: ಮ್ಯಾಬರ್ಲಿ. ಸುತ್ತ ತೆಳುವಾದ ಕಪ್ಪು ಗೆರೆ ಎಳೆದ ಚೀಟಿ, ಕೈಯ ಅಭ್ಯಾಸ ಬಿಡದ ಬ್ಯಾಸ್ನೆಟ್‌ನದು: ಕಿನ್ವರ್. ಕೊನೆಯದು ಬೆಲೆಚೀಟಿಯ ಅಕ್ಷರ, ಕೆಳಗೆ ಅಚ್ಚುಕಟ್ಟಾದ ಒಂದು ಗೆರೆ. ಇಪ್ಪತ್ತೆರಡು ವರ್ಷ ಕೈಗವುಸಿಗೆ ಕಟ್ಟಿದ ಅಕ್ಷರ. ಅದೂ ಕಿನ್ವರ್ ಎಂದೇ ಹೇಳಿತು.

ಅವನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು, ನಗು ಬಂತು, ನಗಲು ಹೆದರಿಕೆಯಾಯಿತು. ಗಾರ್ಸೈಡ್ ಆಕೆಯ ಕೈಗವುಸು ನೋಡಿ ಕರಗಿದ್ದಾನೆ. ಆಕೆ, ಗಾರ್ಸೈಡ್ ಪಾಪ ಮೂರು ದಿನದ ಕೂಲಿಯವನು ಅಂದುಕೊಂಡಿದ್ದಾಳೆ. ಉಳಿದಿಬ್ಬರು ಎದುರಿನವರು ಸೋತು ಬೇಜಾರಾಗಬಾರದೆಂದು ಈ ಕಡೆಯಿಂದ ಆ ಕಡೆಗೆ ದಾಟಿದ್ದಾರೆ, ಗೇರಿನ ಮೇಲಿಂದ ದಾಟುವ ಹಾಗೆ. ಎಲ್ಲರೂ ದಾಟಿದ್ದರಿಂದ ಎಲ್ಲಿದ್ದರೋ ಅಲ್ಲೇ ಇದ್ದರು. ಎರಡು, ಎರಡು. ಈಗ ಅಧ್ಯಕ್ಷನ ಓಟು. ಯಾವ ಕಡೆ ಹೇಳಿದರೂ ಗೆಲ್ಲುವವರು ಅದು ಬೇಡವೆಂದು ಜಗಳವಾಡಿದವರೇ.

"ಸಮ," ಎಂದ.

"ಹಾಗಾದ್ರೆ ನೀವೇ ಹೇಳಬೇಕು," ಎಂದಳು ಮಿಸ್ ಪ್ಯೂ.

ಅವನ ಬಾಯಿ ತಾನಾಗಿಯೇ ತೆರೆಯಿತು. "ನನಗೆ ಯಾವುದಾದರೂ" ಎನ್ನುವವರೆಗೆ ಬಂದು ನಿಂತಿತು. ನಾಲ್ಕು ಮುಖ. ಒಂದು ಮುಖವನ್ನು ಅವನು ನೋಡಲಿಲ್ಲ. ಬೇಕು ಎಂದು ಹೇಳಬೇಕಾದ ಸ್ಥಳ ಇದೇ, ಸುರಂಗವಿಲ್ಲ, ಸದ್ದಿಲ್ಲ. ಮ್ಯಾಬರ್ಲಿ ಎಂದುಬಿಟ್ಟರೆ ಬುಧವಾರ ಎಂಟೂ ಹತ್ತರ ರೈಲು. ಆದರೆ ಈ ಐವರ ಆರು ವರ್ಷದ ಪೌಂಡುಗಳು? ಮೂವತ್ತು ಸಾವಿರ ಜನ ದುಡಿಯುವ ಕಾರ್ಖಾನೆ ಮುಳುಗಿದರೆ ಯಾವ ಸರ್ಕಾರವಾದರೂ ಕೈ ಹಿಡಿದು ಎತ್ತೀತು, ಬಾಗಿಲು ತೆಗೆಯಲು ಬರದಿದ್ದರೂ. ಬನಿಯನ್ನಿನ ಅಂಗಡಿಯನ್ನು ಯಾವ ಪ್ರಧಾನಿ ಎತ್ತುತ್ತಾನೆ? ಅವನಿಗೆ ಇದು ಗೊತ್ತಿತ್ತು, ಮೀಟರಿನ ಮುಳ್ಳಿನಷ್ಟು ಸ್ಪಷ್ಟವಾಗಿ. ಓದಿದ ಅಂಕಿಯನ್ನು ಅವನು ಒಂದು ದಿನವೂ ತಿದ್ದಿ ಬರೆದವನಲ್ಲ, ಕಣ್ಣೀರು ಹಾಕಿದ ಬಡವಿಗಾಗಿಯೂ ಇಲ್ಲ. ಅವಳ ಕಣ್ಣೀರು ಇವತ್ತಿಗೂ ಇದೆ ಒಳಗೆ. ಈಗ ತನಗಾಗಿ ತಿದ್ದುವುದೇ? ಒಂದು ಕೈಚೀಲಕ್ಕಾಗಿ? ದೇವರೇ, ಒಂದು ಕೈಚೀಲಕ್ಕಾಗಿ ಎಂದು ಅವನು ಒಳಗೇ ಎರಡು ಸಲ ಹೇಳಿಕೊಂಡ. ಎರಡನೆಯ ಸಲ ಅದು ಪ್ರಾರ್ಥನೆಯಂತೆ ಕೇಳಿಸಿದ್ದರಿಂದ ತಕ್ಷಣ ನಿಲ್ಲಿಸಿದ.

"ಮ್ಯಾಬರ್ಲಿ ಮಾರಿಬಿಡೋಣ," ಎಂದ. "ಕಿನ್ವರ್ ತೊಗೊಳ್ಳೋಣ."

ಯಾರೂ ಸಂತೋಷಪಡಲಿಲ್ಲ. ಗಾರ್ಸೈಡ್ ಗೆದ್ದವನಂತೆ ಕೂಗಬೇಕಾದವನು ಟೋಪಿಯ ಅಂಚು ತಿರುವುತ್ತ, "ಅವಸರ ಏನಿದೆ, ಯೋಚನೆ ಮಾಡು ಆಂಬ್ರೋಸ್. ಬಾಗಿಲಿಗೆ ರಬ್ಬರ್ ನಾನೇ ಹಾಕ್ಸಿದ್ದು ಕಣಯ್ಯ, ನನಗೆ ಗೊತ್ತು," ಎಂದ. ಬ್ಯಾಸ್ನೆಟ್ ತಲೆ ತಗ್ಗಿಸಿ ಕೂತ, ಗಿರಾಕಿಯ ಮನೆಯಲ್ಲಿ ಕೂರುವ ಹಾಗೆ. ಮಿಸ್ ಪ್ಯೂ ಅರ್ಧ ಬಿಸ್ಕತ್ತನ್ನು ಮತ್ತೆ ಅರ್ಧ ಮಾಡಿದಳು.

"ಸರಿ," ಎಂದಳು ಮಿಸೆಸ್ ಸ್ಕೆರಿಟ್. "ಆಯ್ತಲ್ಲ." ಕೈಚೀಲದಿಂದ ಮಡಿಸಿದ ಷೇರು ವರ್ಗಾವಣೆ ಕಾಗದವನ್ನು ತೆಗೆದಳು. ಹೀಗಾದರೆ ಬೇಕಾದೀತೆಂದು ಬರ್ಮಿಂಗ್‌ಹ್ಯಾಮಿನ ದಲ್ಲಾಳಿಯಿಂದ ಆಕೆಯೇ ತರಿಸಿಟ್ಟಿದ್ದಳು. ಅಂಥ ಹೆಂಗಸು. ಕಾಗದವನ್ನು ಅಂಗೈಯಿಂದ ಎರಡು ಸಲ ಸವರಿ ನೇರ ಮಾಡಿ, ಪೆನ್ನಿನ ಮುಚ್ಚಳ ತೆಗೆದು, ಅವನ ಮುಂದೆ ಸರಿಸಿದಳು. "ಮೊದಲನೇ ಹೆಸರು ನಿಮ್ಮದು. ಇಲ್ಲಿ ಹಾಕಿ. ಕೆಳಗೆ ನಾನು ಹಾಕ್ತೀನಿ."

ಪೆನ್ನು ಬೆಚ್ಚಗಿತ್ತು. ಇದಕ್ಕಿಂತ ಹತ್ತಿರ ಎರಡು ಹೆಸರು ಇನ್ನು ಬರುವುದಿಲ್ಲ ಎಂದು ಅವನು ಯೋಚಿಸಿದ. ಹೆಸರನ್ನು ಅಳಿಸುವುದಕ್ಕೂ ಹೆಸರನ್ನೇ ಬರೆಯಬೇಕಾದುದು ಎಂಥ ವಿಚಿತ್ರ ಎಂದೂ ಯೋಚಿಸಿದ. ಬುಧವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ತಾನು ಎಲ್ಲಿರುತ್ತೇನೆ? ಅಡುಗೆಮನೆಯಲ್ಲಿ. ಒಂದು ಮೊಟ್ಟೆ. ಆ ಹೋಟೆಲಿನ ಮುಂದಿನ ಸಾಲಿನಲ್ಲಿ ಯಾರೋ ಕೂತಿರುತ್ತಾರೆ, ಹೆಬ್ಬೆರಳಿನ ಬಗ್ಗೆ ಯಾರೂ ಕೇಳುವುದಿಲ್ಲ, ಯಾರನ್ನೂ ಯಾರೂ ಮೇಡಂ ಎನ್ನುವುದಿಲ್ಲ. ಆಕೆ ತನ್ನ ಮನೆಯಲ್ಲಿ ಬರೀ ಸ್ಕೆರಿಟ್ ಆಗಿ ಕೂತಿರುತ್ತಾಳೆ. ಸ್ಕೆರಿಟ್. ಕೈ ಓಡುತ್ತಿತ್ತು. ಬೆನ್ನಿಗೆ ಬೆವರು ಬಂದು ಬನಿಯನ್ನು ಇನ್ನೂ ಬಿಗಿಯಾಯಿತು. ಸಹಿ ಮುಗಿಸಿ, ಕೆಳಗೆ ಚುಕ್ಕೆ ಇಟ್ಟು, ಹಗುರಾದವನಂತೆ ಉಸಿರು ಬಿಟ್ಟು ಕಾಗದವನ್ನು ಮುಂದೆ ತಳ್ಳಿದ. ದೇವರ ಮುಂದೆ ಇವತ್ತು ಒಂದು ಸರಿಯಾದ ಕೆಲಸ ಮಾಡಿದೆನಲ್ಲ ಎನಿಸಿತು.

ಗಾರ್ಸೈಡ್ ಕತ್ತು ಚಾಚಿ ನೋಡಿದ. ಬಾಯಿ ತೆರೆದ.

"ಇದೇನಯ್ಯಾ ಆಂಬ್ರೋಸ್! ಎ. ಸ್ಕೆರಿಟ್?"

"ಏನು?"

"ನೀನೇ ಓದಯ್ಯಾ. ಎ. ಸ್ಕೆರಿಟ್! ಹೆಂಡತಿ ಗಂಡನ ಹೆಸರು ಇಟ್ಕೊಳ್ಳೋದು ಕೇಳಿದೀನಿ, ಗಂಡಸು ಹೋಗಿ ಹೆಂಗಸಿನ ಮನೆ ಹೆಸರು ಇಟ್ಕೊಳ್ಳೋದು ಯಾವ ದೇಶದಲ್ಲಪ್ಪಾ? ಅದೂ ಕೇಳದೆ!"

ಆಂಬ್ರೋಸ್ ಓದಿದ. ಅವನ ಕೈಬರಹವೇ. ಅವನ ಜೀವಮಾನದಲ್ಲಿ ಇಷ್ಟು ಚೆಂದದ ಸಹಿಯನ್ನು ಅವನು ಹಾಕಿರಲಿಲ್ಲ. ಮುಖದ ರಕ್ತವೆಲ್ಲ ಕಿವಿಗೆ ಏರಿತು. ಗಾಳಿ ನೋಡುತ್ತಿದ್ದೆ ಎನ್ನಬಹುದೇ? ಕತ್ತಲಿತ್ತು ಎನ್ನಬಹುದೇ? ಎರಡು ಮೇಣದಬತ್ತಿ ಅವನ ಮೂಗಿನ ಕೆಳಗೇ ಉರಿಯುತ್ತಿದ್ದವು. "ಕ್ಷಮಿಸಿ," ಎಂದ. "ಕ್ಷಮಿಸಿ. ನಾನು ಬೇರೆ ಕಾಗದ..."

"ಬೇರೆ ಕಾಗದ ಬರೋಕೆ ನಾಲ್ಕು ದಿನ ಬೇಕು," ಎಂದಳು ಮಿಸೆಸ್ ಸ್ಕೆರಿಟ್. ಆಕೆಯ ದನಿಯಲ್ಲಿ ಏನೂ ಇರಲಿಲ್ಲ. "ದಲ್ಲಾಳಿ ಹತ್ತಿರವೂ ಮೂರೇ ದಿನ ಕೆಲಸ. ಅಲ್ಲಿಂದ ಬಂದು, ಇಲ್ಲಿಂದ ಹೋಗಿ... ಬುಧವಾರ ದಾಟಿಹೋಗುತ್ತೆ." ಹಾಗೆ ಹೇಳಿ, ಬತ್ತಿಯೊಂದನ್ನು ತನ್ನ ಕಡೆ ಎಳೆದುಕೊಂಡು, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. ಹೊಲಿಗೆ ಪರೀಕ್ಷಿಸುವವಳಂತೆ ಬಹಳ ಹೊತ್ತು, ಅಕ್ಷರ ಅಕ್ಷರವಾಗಿ ನೋಡಿದಳು. ಮಿಸ್ ಪ್ಯೂ ಬಿಸ್ಕತ್ತಿನ ಚೂರು ಹಿಡಿದ ಕೈಯನ್ನು ಬಾಯಿಗೂ ತಟ್ಟೆಗೂ ನಡುವೆ ನಿಲ್ಲಿಸಿದ್ದಳು.

"ಸರಿಯಾಗೇ ಬರೆದಿದಾರೆ," ಎಂದಳು ಆಕೆ ಕೊನೆಗೆ. "ಎರಡು ಆರ್, ಎರಡು ಟೀ. ಎಲ್ಲರೂ ಒಂದು ಟೀ ನುಂಗಿಬಿಡ್ತಾರೆ. ನನ್ನ ಮೊದಲನೇ ಯಜಮಾನರೇ ಮದುವೆ ಪುಸ್ತಕದಲ್ಲಿ ಒಂದು ಬಿಟ್ಟಿದ್ರು."

ಬ್ಯಾಸ್ನೆಟ್ ತಲೆ ಎತ್ತಿದ. ಆಕೆಯ ಗಂಡನನ್ನು ಮಣ್ಣು ಮಾಡಿದವನು ಅವನೇ. ಅವನಿಗೆ ತಿಳಿದ ಮಟ್ಟಿಗೆ ಇದ್ದವನು ಒಬ್ಬನೇ.

"ಮೊದಲನೇ ಅಂದ್ರಾ, ವಿನಿಫ್ರೆಡ್?"

"ಅಂದೆ," ಎಂದಳು ಮಿಸೆಸ್ ಸ್ಕೆರಿಟ್, ಶಾಯಿ ಒಣಗಲೆಂದು ಊದುತ್ತ.